ಒಂಬತ್ತನೇ ಷರತ್ತು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡೂ ಕಾಗದ ತಲುಪಿವೆ. ಉತ್ತರ ಬರೆಯದ್ದಕ್ಕೆ ಬೈದುಕೋ. ಬಿಡುವಿರಲಿಲ್ಲ ಎಂದರೆ ಅರ್ಧ ಸುಳ್ಳು. ಬರೆಯಲು ಕೂತಾಗಲೆಲ್ಲ ಯಾರನ್ನಾದರೂ ಬೈಯಬೇಕು ಅನಿಸುತ್ತಿತ್ತು. ಎಲ್ಲಿ ನಿನ್ನನ್ನೇ ಬೈದುಬಿಡುತ್ತೇನೋ ಎಂದು ಸುಮ್ಮನಿದ್ದೆ.

ಇಲ್ಲಿಯ ರಗಳೆ ಒಂದೆರಡಲ್ಲ. ವೈರಸ್ ಮುಟ್ಟಬೇಕಾದರೆ ನಾವು ಶುದ್ಧ ಗಾಳಿಯ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಬೇಕು. ಹೋದ ತಿಂಗಳು ಅದು ಕೆಟ್ಟಿತು. ರಿಪೇರಿಯವನು ನಾಲ್ಕು ಸಲ ಬಂದ, ನಾಲ್ಕು ಸಲವೂ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿ ಹೋದ. ಐದನೇ ಸಲ ಫಿಲ್ಟರ್ ಹರಿದಿರುವುದನ್ನು ಕಂಡು, ಹರಿದವಳು ನಾನೇ ಎಂಬಂತೆ ನನ್ನ ಮುಖ ನೋಡಿದ. ಅಷ್ಟರಲ್ಲಿ ಮೂರು ವಾರ ಸಾಕಿದ ಜೀವಕೋಶಗಳೆಲ್ಲ ಹಾಳಾದವು. ಲ್ಯಾಬಿನ ಮುಖ್ಯಸ್ಥರನ್ನು ನಾವು ಮೇಷ್ಟ್ರು ಅನ್ನುತ್ತೇವೆ. ಅವರು ಮತ್ತೆ ಬೆಳೆಸಿ ಅಂದರು, ಕುಂಡದಲ್ಲಿ ಕೊತ್ತಂಬರಿ ಬಿತ್ತಿದಷ್ಟು ಸಲೀಸಾಗಿ.

ಅಮ್ಮನದು ಇನ್ನೊಂದು. ನಾನು ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಕೈ ತೊಳೆಸುತ್ತಾಳೆ. ನೆಗಡಿಯ ವೈರಸ್ಸನ್ನು ಪಳಗಿಸಿದ್ದೇವೆ, ಅದು ಕ್ಯಾನ್ಸರ್ ಗಡ್ಡೆಯ ಕೋಶಗಳನ್ನಷ್ಟೇ ಒಡೆಯುತ್ತದೆ, ಒಡೆದದ್ದನ್ನು ಕಂಡು ಮೈಯೊಳಗಿನ ಕಾವಲಿನವರು ಎಚ್ಚೆತ್ತು ಉಳಿದದ್ದನ್ನು ಮುಗಿಸುತ್ತಾರೆ ಎಂದು ನೂರು ಸಲ ವಿವರಿಸಿದ್ದೇನೆ. ಮೊನ್ನೆ ಫೋನಿನಲ್ಲಿ ಹೊಸ ವರಸೆ ತೆಗೆದಳು. "ಫ್ರಿಜ್ ತುಂಬ ಇಟ್ಕೊಂಡಿದೀಯ. ಅಳಿಯಂದ್ರಿಗೆ ಒಂದು ಶೀಷೆ ತಂದುಕೊಟ್ರೆ ನಿನ್ನ ಗಂಟೇನು ಹೋಗುತ್ತೆ?" ಅದು ಕೆಮ್ಮಿನ ಔಷಧಿಯಲ್ಲ, ಹಾಗೆ ಕೊಟ್ಟರೆ ಅವರ ಜೀವಕ್ಕೇ ಅಪಾಯ ಅಂದೆ. ಫೋನ್ ಕುಕ್ಕಿಬಿಟ್ಟಳು.

ಆಸ್ಪತ್ರೆಯಲ್ಲಿ ಪ್ರಯೋಗ ಶುರುವಾದ ವಾರವೇ ನೀನು ಭಾವನನ್ನು ಕರೆತಂದೆಯಲ್ಲ, ಆ ದಿನ ನನ್ನ ತಲೆಯಿಂದ ಹೋಗುತ್ತಿಲ್ಲ. ನೀನು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ಒಳಗೆ ಭಾವನ ಪಕ್ಕ ನಾನಿದ್ದೆ. ಡಾಕ್ಟರು ರಕ್ತದ ವರದಿ ನೋಡಿ ಕನ್ನಡಕ ತೆಗೆದರು. "ಲಿವರ್ ಅಂಕಿ ಮಿತಿಗಿಂತ ಎರಡು ಜಾಸ್ತಿ ಇದೆ. ಒಂಬತ್ತನೇ ಷರತ್ತಿನ ಪ್ರಕಾರ ಸೇರಿಸ್ಕೊಳ್ಳೋ ಹಾಗಿಲ್ಲ."

ಭಾವ ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ಕಾಯಿಲೆ ಇರೋರನ್ನ ಬಿಟ್ಟು ಇನ್ಯಾರಿಗೆ ಕೊಡ್ತೀರಿ ಸಾರ್?" ಎಂದು ನಕ್ಕರು. ಡಾಕ್ಟರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ನಾನು ಡಾಕ್ಟರ ಹಿಂದೆ ಓಡಿದೆ, ಎರಡೇ ಎರಡು ಅಂಕಿ ಅಂದೆ. ಒಬ್ಬರಿಗೆ ಸಡಿಲಿಸಿದರೆ ಇಡೀ ಪ್ರಯೋಗವೇ ಬಿದ್ದುಹೋಗುತ್ತದೆ, ಇದು ನಿಮಗೇ ಗೊತ್ತಿರಬೇಕು ಅಂದರು. ಗೊತ್ತು, ಅದೇ ತಾಪತ್ರಯ. ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಕಚೇರಿಗೆ ಹೋದರೆ ಗುಮಾಸ್ತೆ ಒಂದು ಫಾರಂ ಕೊಟ್ಟಳು. ತುಂಬಿ ಒಯ್ದರೆ ಅದು ಹಳೆಯ ಫಾರಂ ಅಂದಳು. ಹಳೆಯದನ್ನು ಯಾಕೆ ಕೊಟ್ಟಿರಿ ಅಂದರೆ, ಹೊಸದು ಇನ್ನೂ ಅಚ್ಚಾಗಿಲ್ಲವಂತೆ.

ಈ ನಡುವೆ ಮೊದಲ ರೋಗಿಗೆ, ಒಬ್ಬ ಬಡಗಿಗೆ, ಕತ್ತಿನ ಗಡ್ಡೆ ಅರ್ಧಕ್ಕಿಳಿದಿದೆ. ಲ್ಯಾಬಿನಲ್ಲಿ ಕೇಕ್ ತರಿಸಿದರು. ಆರು ವರ್ಷ ಕಾದದ್ದು ಇದಕ್ಕೇ ತಾನೇ? ನಾನು ತುಂಡನ್ನು ಟಿಶ್ಯೂನಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಇಲಿಗಳ ಕೋಣೆಗೆ ಹೋಗಿ ಕೂತೆ. ಇವಳಿಗೆ ಯಾವುದಕ್ಕೂ ಸಂತೋಷವಿಲ್ಲ ಎಂದು ಮೇಷ್ಟ್ರು ಅಂದರಂತೆ.

ಭಾವನಿಗೆ ಊಟ ಸೇರುತ್ತಿದೆಯೇ? ಹೊತ್ತಿಗೆ ಸರಿಯಾಗಿ ನೀನೂ ತಿನ್ನು. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕಮ್ಮ ಹರಸಿದಳೆಂದು ಹೇಳು. ನಿಮ್ಮ ಮೂವರಿಗೂ ಒಳ್ಳೆಯದಾಗಲಿ.

ನಿನ್ನ ತಂಗಿ,
ಗೊಣಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಆ ದಿನ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಕಾರಿನಲ್ಲಿ ನೀನು, ಆ ಷರತ್ತು ಬರೆದವರು ಯಾರು ಎಂದು ಕೇಳಿದೆ. ಸಮಿತಿಯವರು ಅಂದೆ. ಬರೆದವಳು ನಾನು. ಎರಡು ವರ್ಷದ ಹಿಂದೆ ಮೇಷ್ಟ್ರು, ಮಿತಿ ಇನ್ನೂ ಐದು ಅಂಕಿ ಮೇಲಿದ್ದರೂ ಅಪಾಯವಿಲ್ಲ ಅಂದಿದ್ದರು. ಲಿವರ್ ಸೋತವರು ಸೇರಿದರೆ ನನ್ನ ಫಲಿತಾಂಶ ಮಂಕಾಗುತ್ತದೆಂದು ನಾನೇ ಹಟ ಹಿಡಿದು ಇಳಿಸಿದೆ. ತಿದ್ದಲು ಈಗ ಅರ್ಜಿ ಹಾಕಿದ್ದೇನೆ. ಪರಿಶೀಲನೆಗೆ ಹನ್ನೆರಡು ವಾರ ಬೇಕಂತೆ. ಭಾವನಿಗೆ ಇದನ್ನು ಓದಿ ಹೇಳುವುದೋ ಬೇಡವೋ, ನೀನೇ ನೋಡು.