ಕಿರುಚುವುದನ್ನು ನಿಲ್ಲಿಸಿದ ಕ್ಷೌರಿಕ

ಚಿಕ್ಕಪ್ಪನಿಗೆ ಗಿಣಿಯ ನಮಸ್ಕಾರ.

ದೊಡ್ಡ ಅಪಘಾತವಾದರೆ ನರ್ಸ್‌ಗಳು ಎಷ್ಟು ಸಿದ್ಧರಿದ್ದಾರೆ ಎಂಬುದು ನಮ್ಮ ಸಂಶೋಧನೆ. ನಿನ್ನೆ ಇಲ್ಲಿಯ ಆಸ್ಪತ್ರೆಯಲ್ಲಿ ಬಸ್ಸು ಉರುಳಿದಂತೆ ಅಣಕು ಪ್ರದರ್ಶನ ನಡೆಯಿತು. ನಾನು ನೋಡಿ ಬರೆದುಕೊಳ್ಳಬೇಕು, ಯಾರನ್ನೂ ಮುಟ್ಟಬಾರದು. ಗಾಯಾಳುಗಳೆಲ್ಲ ಪಕ್ಕದ ಬೀದಿಯವರು. ಕಾಲು ಮುರಿದವನ ಪಾತ್ರ ಒಬ್ಬ ಕ್ಷೌರಿಕನದು.

"ಅಯ್ಯೋ ಸತ್ತೆ ಕಣ್ರಪ್ಪೋ! ನನ್ನ ಹೆಂಡ್ತಿ ಗತಿ ಏನು!" ಎಂದು ಅವನು ಕಿರುಚಿದ. ಪಕ್ಕದ ಸ್ಟ್ರೆಚರಿನಲ್ಲಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡೇ, "ಸ್ವಲ್ಪ ಮೆತ್ತಗೆ ಸಾಯ್ರಿ, ನಂಗೆ ಪ್ರಜ್ಞೆ ಇಲ್ಲ" ಎಂದಳು.

ಸ್ವಲ್ಪ ಹೊತ್ತಿಗೆ ಅವನು ಸುಮ್ಮನಾದ. ಕಾಲಿಗೆ ಪಟ್ಟಿ ಸುತ್ತುತ್ತಿದ್ದ ನರ್ಸ್‌ಗೆ ನೆಮ್ಮದಿಯಾಯಿತು. ನನಗೆ ಆಗಲಿಲ್ಲ. ಅವನ ಹಣೆಯಲ್ಲಿ ಬೆವರು ಸುರಿಯುತ್ತಿತ್ತು, ಕೈ ನಡುಗುತ್ತಿತ್ತು. ಹೆಂಡತಿಯನ್ನು ಕೇಳಿದೆ.

"ಬೆಳಿಗ್ಗೆ ಇನ್ಸುಲಿನ್ ಚುಚ್ಕೊಂಡು ಹಾಗೇ ಬಂದ್ರು. ಇಲ್ಲಿ ತಿಂಡಿ ಕೊಡ್ತಾರೆ ಅಂದ್ಕೊಂಡ್ರಂತೆ!"

ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು. ನಿಯಮ ಮುರಿದು ನಾನೇ ಸಕ್ಕರೆ ನೀರು ಕುಡಿಸಿದೆ. ಚೇತರಿಸಿಕೊಂಡವನು ಸುತ್ತಲೂ ನೋಡಿ ಮತ್ತೆ ಮಲಗಿ, "ಅಯ್ಯೋ ನನ್ನ ಕಾಲು!" ಎಂದು ಶುರು ಮಾಡಿದ. ಅಳುತ್ತಿದ್ದ ಹೆಂಡತಿ, "ಕೂಗ್ರಿ, ಇನ್ನೂ ಜೋರಾಗಿ ಕೂಗ್ರಿ" ಎಂದಳು.

ನಾನು ಮುಟ್ಟಿದ್ದರಿಂದ ಆ ನರ್ಸ್‌ಗಳ ತಂಡದ ಫಲಿತಾಂಶ ಲೆಕ್ಕಕ್ಕಿಲ್ಲ. ಪ್ರದರ್ಶನ ಇನ್ನೊಮ್ಮೆ ನಡೆಯಲಿದೆ, ಈ ಸಲ ತಿಂಡಿ ಕೊಟ್ಟು.

ನಾನು ಆರೋಗ್ಯವಾಗಿದ್ದೇನೆ. ನೀವೂ ಇನ್ಸುಲಿನ್ ಸೂಜಿ ಚುಚ್ಚಿಕೊಂಡ ಮೇಲೆ ಪೇಪರ್ ಹಿಡಿದು ಕೂರಬೇಡಿ, ಮೊದಲು ತಿಂಡಿ ತಿನ್ನಿ. ನೀವು ಗೊಣಗುತ್ತಿರುವವರೆಗೆ ನನಗೆ ಭಯವಿಲ್ಲ. ಸುಮ್ಮನಾದರೆ ಚಿಕ್ಕಮ್ಮ ಸಕ್ಕರೆ ಡಬ್ಬಿ ತರಲಿ.

ಕಾರ್ಡಿನಲ್ಲಿ ಜಾಗವಿಲ್ಲ.

ಗಿಣಿ