ನೂರು ಗ್ರೇನಿನ ಪೆಟ್ಟಿಗೆ

ಟ್ಯಾಪಿಯೋಲಾ, ಮಿಷಿಗನ್
೨೩ ನವೆಂಬರ್ ೧೯೮೬, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅರ್ವಿಡ್,

ನಾವಿಲ್ಲಿ ಇದ್ದೀವಿ. ಕ್ಷೇಮ ಅಂತ ಬರೆಯೋಕೆ ಪೆನ್ನು ಮುಂದಕ್ಕೆ ಹೋಗಲಿಲ್ಲ, ಅದಕ್ಕೇ ಇದ್ದೀವಿ ಅಂತಷ್ಟೇ ಬರೆದೆ. ನಿನ್ನ ಎರಡು ಕಾಗದಾನೂ ಬಂದು ತಲುಪಿದೆ. ಎರಡನೇದರಲ್ಲಿ, ಮಗಳು ಜಿಂಕೆ ಹೊಡೆದಳೋ ಇಲ್ಲವೋ ಅಂತ ಒಂದು ಸಾಲು ಬರೆಯೋಕೂ ನಿನಗೆ ಪುರುಸೊತ್ತಿಲ್ವಾ ಅಂತ ಕೇಳಿದ್ದೀಯ. ತಡವಾಯ್ತು, ಬೈಕೋಬೇಡ. ವಾರದಿಂದ ದಿನಾ ಈ ಮೇಜಿನ ಮುಂದೆ ಕೂತು ನಿನ್ನ ಹೆಸರು ಬರೆಯೋದು, ಹರಿಯೋದು, ಒಲೆಗೆ ಹಾಕೋದು, ಇದೇ ಆಗಿದೆ. ಡುಲುತ್ ಬಂದರಿನಿಂದ ನೀನು ಫೋನ್ ಮಾಡಿದಾಗ ಯಾರೂ ಎತ್ತಲಿಲ್ಲ ಅಂದೆಯಲ್ಲ, ಆಗ ನಾವೆಲ್ಲ ಜವುಗಿನಲ್ಲಿದ್ವಿ. ಯಾಕೆ ಅಂತ ಹೇಳ್ತೀನಿ.

ನಾಳೆ ಐದರೊಳಗೆ ಟಪಾಲಿಗೆ ಹಾಕಿದ್ರೆ ಶುಕ್ರವಾರ ನಿನ್ನ ಹಡಗು ಡೆಟ್ರಾಯ್ಟ್ ದಾಟೋ ಹೊತ್ತಿಗೆ ಟಪಾಲು ದೋಣಿಯವರ ಕೈಗೆ ಸಿಗುತ್ತೆ ಅಂತ ಪೋಸ್ಟಾಫೀಸಿನಲ್ಲಿ ಹೇಳಿದ್ರು. ನೀವು ಹಗ್ಗ ಕಟ್ಟಿ ಇಳಿಸ್ತೀರಲ್ಲ, ಆ ಬಕೆಟ್ಟಿನಲ್ಲಿ ಇದು ಬಂದರೆ ದಯವಿಟ್ಟು ಅಲ್ಲೇ ಡೆಕ್ಕಿನ ಮೇಲೆ ನಿಂತು ಓದಬೇಡ. ನಿನ್ನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಓದು.

ನೀರಿನ ಪಂಪು ಮತ್ತೆ ಕೈಕೊಟ್ಟಿತ್ತು, ಸರಿ ಮಾಡಿಸಿದೆ. ನಿಮ್ಮಪ್ಪನಿಗೆ ಎದೆ ಕಟ್ಟಿಕೊಂಡಿದೆ. ಡಾಕ್ಟರು ಮಲಗಿರಿ ಅಂದ್ರೆ ಕಿಟಕಿ ಹತ್ತಿರ ಕುರ್ಚಿ ಎಳ್ಕೊಂಡು ರಸ್ತೆ ನೋಡ್ತಾ ಕೂತಿರ್ತಾರೆ. ಅವರು ಕಾಯೋದೂ ಮೊಮ್ಮಗಳಿಗೇ, ನಮ್ಮ ಕಾರಿನ್‌ಗೇ.

ಗುಂಡಿನ ವಿಷಯಕ್ಕೆ ನಾವಿಬ್ಬರೂ ಬೇಸಿಗೆಯಿಂದ ಎಷ್ಟು ಕಿತ್ತಾಡಿದ್ವಿ, ನಿನಗೇ ಗೊತ್ತು. ನಿಮ್ಮಪ್ಪ ಜುಲೈನಲ್ಲಿ ತಮ್ಮ ದೊಡ್ಡ ಕೋವಿ ಅವಳ ಕೈಗೆ ಕೊಟ್ಟು, ಹೊಡೀತಾ ಹೊಡೀತಾ ರೂಢಿಯಾಗುತ್ತೆ ಅಂದ್ರು. ಆ ಶನಿವಾರ ಸೌನಾದ ಬಿಸಿ ಉಗಿಯಲ್ಲಿ ಅವಳ ಬೆನ್ನಿಗೆ ನೀರು ಹಾಕುವಾಗ ನೋಡಿದೆ, ಕೋವಿ ಒದ್ದು ಬಲಭುಜ ಪೂರ್ತಿ ನೇರಳೆಹಣ್ಣಿನ ಬಣ್ಣ. ಮುಟ್ಟಿದ್ರೆ ಹಲ್ಲು ಕಚ್ಚಿಕೊಂಡಳು. ಆವತ್ತಿನಿಂದ ಕೋವಿಯ ಕುದುರೆ ಎಳೆಯೋ ಹೊತ್ತಿಗೆ ಅವಳ ಕಣ್ಣು ತಾನಾಗಿ ಮುಚ್ಚಿಬಿಡ್ತಿತ್ತು. ಅದಕ್ಕೇ ತಾನೆ ನೀನು ಆ ಸಣ್ಣ ಕೋವಿ ಹುಡುಕಿ ತಂದದ್ದು, ಟೂ-ಫಾರ್ಟಿ-ತ್ರೀ. ಇದೇನು ಸೊಳ್ಳೆ ಹೊಡೆಯೋಕಾ ಅಂತ ನಿಮ್ಮಪ್ಪ ಒಂದು ತಿಂಗಳು ನಕ್ಕರು. ನಗಲಿ. ನನಗಂತೂ ಜೀವ ಬಂದ ಹಾಗಾಗಿತ್ತು.

ಹೋಗೋವಾಗ ನೀನು ಹೇಳಿ ಹೋದೆ, ಆಮೇಲೆ ಕಾಗದದಲ್ಲೂ ಬರೆದೆ: ಜಿಂಕೆಗೆ ನೂರು ಗ್ರೇನ್ ತೂಕದ ಗುಂಡೇ ತಗೋ, ಬೇರೆ ಬೇಡ. ಅವಳು ಆ ಕಾಗದ ಮಡಚಿ ತನ್ನ ಬೇಟೆ ಕೋಟಿನ ಜೇಬಿನಲ್ಲಿಟ್ಕೊಂಡಿದ್ದಳು. ಒಂಬತ್ತನೇ ತಾರೀಕು ಜಲ್ಲಿ ಗುಂಡಿಯಲ್ಲಿ ಗುರಿ ನೋಡೋಕೆ ನಾನೇ ಕರ್ಕೊಂಡು ಹೋದೆ. ಐದು ಈಡು ಹೊಡೆದಳು, ಎರಡೇ ಎರಡು ಗುರಿಯ ಕಾಗದಕ್ಕೆ ತಾಗಿದ್ದು. ನಾನು ಪಕ್ಕದಲ್ಲಿ ನಿಂತು ಗುರಿ ನೋಡಲಿಲ್ಲ, ಅವಳ ಮುಖ ನೋಡ್ತಿದ್ದೆ. ಐದು ಸಲವೂ ಕಣ್ಣು ಮುಚ್ಚಿದಳು. ಕೊನೇ ಈಡಾದ ಮೇಲೆ ಭುಜ ಉಜ್ಜಿಕೊಂಡು, ನೋವೇನಿಲ್ಲಮ್ಮಾ ಅಂತ ನಕ್ಕಳು.

ಮಾರನೇ ದಿನ ಡೆಲ್ಬರ್ಟ್ ಅಂಗಡಿಗೆ ಹೋಗಿ ಒದೆತ ಕಮ್ಮಿ ಇರೋ ತೋಟಾ ಕೇಳಿದೆ. ಎಂಬತ್ತು ಗ್ರೇನಿನದು ಒಂದಿದೆ, ಆದ್ರೆ ಅದು ತರಕಾರಿ ಮಡಿ ಅಗೆಯೋ ಹೆಗ್ಗಣದಂಥ ವುಡ್‌ಚಕ್ಕಿಗೆ, ಜಿಂಕೆಗಲ್ಲ ಅಂದ. ಗುಂಡಿನ ಮೇಲಿನ ಸಿಪ್ಪೆ ತೆಳು, ತಾಗಿದ ಕೂಡಲೇ ಒಡೆದು ಪುಡಿಯಾಗುತ್ತೆ, ಭುಜದ ಮೂಳೆಗೆ ಬಿದ್ರೆ ಒಳಗೇ ಇಳಿಯಲ್ಲ ಅಂತ ಬೆರಳು ಮಡಚಿ ಮಡಚಿ ತೋರಿಸಿದ. ಒದೆತದಲ್ಲೂ ನೀವಂದುಕೊಂಡಷ್ಟು ವ್ಯತ್ಯಾಸ ಇಲ್ಲ ಅಂದ. ಮನೆಗೆ ಬಂದು ಕಾರಿನ್‌ಗೆ ಮೆತ್ತಗೆ ಕೇಳಿ ನೋಡಿದೆ, ಇನ್ನೊಂದು ಥರದ್ದು ಇದೆಯಂತೆ, ಪ್ರಯತ್ನ ಮಾಡ್ತೀಯಾ ಅಂತ. ಅಪ್ಪ ಹೇಳಿದ್ದು ನೂರು, ನಾನು ಹೊಡೆಯೋದೂ ನೂರೇ ಅಂದಳು. ಥೇಟ್ ನಿನ್ನದೇ ಹಟ. ಶುಕ್ರವಾರ ಸಂಜೆ ನಿಮ್ಮಪ್ಪನ ಜೊತೆ ಬೇಟೆ ಕ್ಯಾಂಪಿಗೆ ಹೊರಟಾಗ ನೂರರ ಪೆಟ್ಟಿಗೆಯನ್ನೇ ಅವಳ ಕೈಗೆ ಕೊಟ್ಟೆ.

ಶನಿವಾರ ಜಿಂಕೆ ಬೇಟೆಯ ಮೊದಲ ದಿನ, ಬೆಳಗ್ಗೆ ಎಂಟೂವರೆಗೆ ಅವಳಿಗೆ ಜಿಂಕೆ ಸಿಕ್ತು. ಆರು ಕವಲಿನ ಕೊಂಬಿರೋ ಗಂಡು, ಎಂಬತ್ತು ಗಜ ಕೂಡ ದೂರ ಇರಲಿಲ್ಲವಂತೆ. ಒಂದೇ ಈಡು. ಜಿಂಕೆ ಎಗರಿತು, ಓಡಿತು. ನಿಮ್ಮಪ್ಪನ ಕಣ್ಣಿಗೆ ಬರೀ ಬಾಲದ ಬಿಳಿ ಕಂಡಿತು, ತಪ್ಪಿತು ಅಂದ್ಕೊಂಡ್ರು. ಮಧ್ಯಾಹ್ನ ಕ್ಯಾಂಪಿನಲ್ಲಿ, ಗುರಿ ತಪ್ಪಿದವರಿಗೆ ಮಾಡೋ ಪದ್ಧತಿ ಪ್ರಕಾರ, ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಅಂಗಿಯ ಹಿಂದಿನ ಚುಂಗು ಕತ್ತರಿಸಿ, ಹೆಸರು, ತಾರೀಕು ಬರೆದು ಗೋಡೆಗೆ ಮೊಳೆ ಹೊಡೆದ್ರು. ನಿನ್ನದು, ನಿನ್ನ ಅಣ್ಣನದು ಎಲ್ಲರದೂ ಅಲ್ಲಿ ಇದೆಯಲ್ಲ, ಅದರ ಪಕ್ಕದಲ್ಲೇ. ಗಂಡಸರೆಲ್ಲ ಚಪ್ಪಾಳೆ ಹೊಡೆದು ನಗ್ತಿದ್ರೆ ಇವಳೊಬ್ಬಳು, ತಪ್ಪಿಲ್ಲ ಅಜ್ಜಾ, ತಾಗಿದೆ, ತಾಗಿದೆ ಅಂತಲೇ ಇದ್ದಳಂತೆ. ಯಾರು ಕೇಳ್ತಾರೆ? ಎಲ್ಲರೂ ಮೊದಲ ಸಲ ಹಾಗೇ ಹೇಳ್ತಾರೆ ಅಂದ್ರು. ಕೊನೆಗೆ ಒಬ್ಬಳೇ ವಾಪಸ್ ಹೋಗಿ ಹಿಮದ ಮೇಲೆ ರಕ್ತ ಪತ್ತೆ ಮಾಡಿದಳು. ಜೊತೆಗೆ ಮೂಳೆ ಚೂರು. ಅಂಗೈಯಲ್ಲಿಟ್ಕೊಂಡು ಬಂದು ಮೇಜಿನ ಮೇಲೆ ಸುರಿದಳಂತೆ. ಆಮೇಲೆ ಯಾರೂ ನಗಲಿಲ್ಲ.

ಮುಂದಿನ ಕಾಲು ಜೋತಾಡ್ತಿದೆ, ಮೂರೇ ಕಾಲಿನಲ್ಲಿ ಓಡ್ತಿದೆ ಅಂತ ಹೆಜ್ಜೆ ನೋಡಿ ನಿಮ್ಮಪ್ಪ ಹೇಳಿದ್ರು. ಆ ಸಂಜೆವರೆಗೆ ಜಾಡು ಹಿಡಿದು ಹೋದ್ರು. ಜಿಂಕೆ ಸೀಡರ್ ಮರಗಳ ಜವುಗಿಗೆ ಇಳಿದಿತ್ತು. ಭಾನುವಾರ ನಾನೂ ಹೋದೆ, ನಾಲ್ಕು ಜನ ಸಾಲಾಗಿ ನಡೆದ್ವಿ. ಮಧ್ಯಾಹ್ನ ಹಿಮ ಸುರಿದು ಜಾಡೆಲ್ಲ ಮುಚ್ಚಿಹೋಯ್ತು. ಸೋಮವಾರದ ಹೊತ್ತಿಗೆ ನಿಮ್ಮಪ್ಪ ಮಲಗಿದ್ರು, ಉಳಿದವರು ತಮ್ಮ ಬೇಟೆಗೆ ಹೋದ್ರು. ಹೋಗಲಿ ಬಿಡಮ್ಮಾ, ಬೇಟೆ ಅಂದ್ಮೇಲೆ ಇದೂ ಇರುತ್ತೆ ಅಂದ್ರು. ಅವಳು ಬಿಡಲಿಲ್ಲ.

ಅವತ್ತಿನಿಂದ ದಿನಾ ಸ್ಕೂಲು ಬಸ್ಸು ಇಳಿದವಳೇ ಬೂಟು ಬದಲಾಯಿಸಿ ಜವುಗಿಗೆ ಹೋಗ್ತಾಳೆ. ದೊಡ್ಡವರು ಜೊತೆಗಿಲ್ಲದೆ ಕೋವಿ ಒಯ್ಯೋ ಹಾಗಿಲ್ಲ ಅಂತ ಕೋವಿ ಮುಟ್ಟಲ್ಲ. ಅಜ್ಜನ ಚಾಕು, ಒಂದು ಹಗ್ಗ, ಅಷ್ಟೇ. ಸಿಕ್ಕಿದ್ರೆ ಏನು ಮಾಡ್ತೀಯೇ ಅಂತ ಕೇಳಿದೆ. ಹಗ್ಗ ಸುತ್ತಿ ಹೆಗಲಿಗೆ ಹಾಕ್ಕೊಂಡು ಹೊರಟಳು. ಬುಧವಾರ ಯಾರೋ ದಾರಿಯಲ್ಲಿ ಮೂರು ಕಾಲಿನ ಗಂಡು ಜಿಂಕೆ ರಸ್ತೆ ದಾಟಿದ್ದು ಕಂಡೆವು ಅಂದುಬಿಟ್ರು, ಅವರ ಬಾಯಿಗೆ ಮಣ್ಣು ಹಾಕ. ಅದು ಇನ್ನೂ ಬದುಕಿದೆಯಮ್ಮಾ ಅಂತ ಊಟದ ತಟ್ಟೆ ಸರಿಸಿ ಎದ್ದು ಹೋದಳು. ಬ್ರೆಡ್ಡು, ಕಾಫಿ ಬಿಟ್ಟು ಏನೂ ಇಳೀತಿಲ್ಲ ಅವಳ ಗಂಟಲಲ್ಲಿ. ಮುಖ ಇಷ್ಟೇ ಇಷ್ಟಾಗಿದೆ.

ಗುರುವಾರ ಸೊಂಟದವರೆಗೆ ಒದ್ದೆಯಾಗಿ ಬಂದಳು. ಅಲ್ಲಿ ಬುಗ್ಗೆ ನೀರಿರೋ ಕಡೆ ಮಂಜುಗಡ್ಡೆ ಗಟ್ಟಿಯಾಗಲ್ಲ, ಮೇಲೆ ಹಿಮ ಕೂತು ನೆಲದ ಹಾಗೇ ಕಾಣುತ್ತೆ, ನಿನಗೆ ನಾನೇನು ಹೇಳೋದು. ಒಂದು ಕಾಲು ಇಳಿದುಹೋಯ್ತು, ಕೊಂಬೆ ಹಿಡ್ಕೊಂಡೆ ಅಂದಳು, ಅಂಗಡಿಗೆ ಹೋಗಿ ಬಂದೆ ಅನ್ನೋ ಥರ. ಸೌನಾ ಕಾಯಿಸಿ ಒಳಗೆ ಕೂರಿಸಿದೆ. ಬೈದೆ, ಅತ್ತೆ, ಬಾಗಿಲಿಗೆ ಅಡ್ಡ ನಿಂತೆ. ಶುಕ್ರವಾರ ಸ್ಕೂಲಿನಿಂದ ಮನೆಗೆ ಬರದೆ ನೇರ ಅಲ್ಲಿಗೇ ಹೋದಳು, ಬರೀ ಸ್ಕೂಲು ಬೂಟಿನಲ್ಲಿ. ಆಮೇಲೆ ತಡೆಯೋದು ಬಿಟ್ಟೆ. ಕನಿಷ್ಠ ಒಳ್ಳೆ ಬೂಟು ಹಾಕ್ಕೊಂಡು ಹೋಗಲಿ ಅಂತ. ನಾನೂ ಬರ್ತೀನಿ ಅಂದ್ರೆ ಬೇಡ ಅಂತಾಳೆ, ಹಿಂದೆ ಹೋದ್ರೆ ನಿಂತುಬಿಡ್ತಾಳೆ, ನಾನು ತಿರುಗೋವರೆಗೆ ಹೆಜ್ಜೆ ಎತ್ತಲ್ಲ.

ಅರ್ವಿಡ್, ನನ್ನ ಕೈ ಮೀರಿದೆ. ನಿನ್ನ ಮುಂದೆ ಯಾವತ್ತೂ ಹೀಗೆ ಕೈಚಾಚಿಲ್ಲ, ಈಗ ಚಾಚ್ತಿದ್ದೀನಿ. ಹಡಗು ನಿಲ್ಲೋ ಜನವರಿವರೆಗೆ ಕಾಯಬೇಡ. ಹಡಗು ಮತ್ತೆ ಈ ಕಡೆ ಮೇಲಕ್ಕೆ ಬರೋವಾಗ ಸೂ ಬಂದರಿನಲ್ಲಿ ಇಳಿದು ಬಸ್ಸು ಹತ್ತು. ಕ್ಯಾಪ್ಟನ್ ಬೈದರೆ ಬೈಯಲಿ. ಬರೋಕೆ ಆಗಲ್ಲ ಅಂದ್ರೆ ಅವಳಿಗೊಂದು ಕಾಗದ ಬರೆ. ನಿನ್ನ ಕೈ ಚೆನ್ನಾಗಿಯೇ ಇತ್ತು, ಇನ್ನು ಹುಡುಕಬೇಡ ಅಂತ ನೀನು ಹೇಳಿದ್ರೆ ಕೇಳ್ತಾಳೆ. ನಿನ್ನ ಮಾತು ಅವಳಿಗೆ ವೇದ. ಹೊಡೆಯೋವಾಗ ಕಣ್ಣು ಮುಚ್ಚಿಬಿಟ್ಟೆನೋ ಏನೋ ಅಂತ ಅಜ್ಜನ ಹತ್ತಿರ ಹೇಳಿದಳಂತೆ. ಅಜ್ಜ ನನ್ನ ಹತ್ತಿರ ಹೇಳಿ ಅತ್ತರು. ಆ ಚುಂಗು ಗೋಡೆಯಿಂದ ಕಿತ್ತು ತಾ ಅಂತಾರೆ, ನಾನೇ ಕತ್ತರಿಸಿದೆ ಅಂತಾರೆ. ಅವರಿಗೆ ಎಪ್ಪತ್ತೈದು, ಯಾರನ್ನ ಸಮಾಧಾನ ಮಾಡಲಿ ನಾನು?

ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಕೋಳಿ ತಂದಿಟ್ಟಿದ್ದೀನಿ, ಉಣ್ಣೋರು ಯಾರೋ ಗೊತ್ತಿಲ್ಲ. ಆ ನೀರಿನ ಮೇಲೆ ನವೆಂಬರ್ ಗಾಳಿ ಹೇಗಿರುತ್ತೆ ಅಂತ ಗೊತ್ತು, ಹೊರಗೆ ಬರೋವಾಗ ಹಗ್ಗ ಹಿಡ್ಕೋ, ಎರಡು ಜೊತೆ ಕಾಲುಚೀಲ ಹಾಕ್ಕೋ. ಭಗವಂತ ನಿನ್ನನ್ನು ದಡ ಮುಟ್ಟಿಸಲಿ, ನಮ್ಮ ಮಗುವನ್ನು ಆ ಜವುಗಿನಿಂದ ದಿನಾ ವಾಪಸ್ ಕಳಿಸಲಿ. ಬೇರೆ ಏನು ಕೇಳೋಕೂ ನನಗೆ ಬಾಯಿಲ್ಲ.

ಎಂದೆಂದೂ ನಿನ್ನವಳೇ,
ಇರ್ಮಾ

ಸೋಮವಾರ, ನಾಲ್ಕು ಗಂಟೆ

ಮರೆತ ಮಾತು ಅಂತ ಬರೆಯೋಕೆ ಹೋದೆ. ಮರೆತಿಲ್ಲ, ಬಚ್ಚಿಟ್ಟಿದ್ದೆ. ಪೆಟ್ಟಿಗೆ ನೂರರದೇ ಅರ್ವಿಡ್, ಒಳಗಿದ್ದದ್ದು ಎಂಬತ್ತು. ಮನೇಲಿ ವುಡ್‌ಚಕ್ ಕಾಟ ಅಂತ ಡೆಲ್ಬರ್ಟ್‌ಗೆ ಸುಳ್ಳು ಹೇಳಿ ಅದನ್ನೂ ತಂದಿದ್ದೆ. ಶುಕ್ರವಾರ ಅವಳು ಸ್ಕೂಲಿನಲ್ಲಿದ್ದಾಗ, ನಿನ್ನ ಮಾತು, ಡೆಲ್ಬರ್ಟ್ ಮಾತು ಎರಡೂ ಗೊತ್ತಿದ್ದೂ, ಇದೇ ಮೇಜಿನ ಮೇಲೆ ನೂರರ ತೋಟಾ ಎಲ್ಲ ತೆಗೆದು ಎಂಬತ್ತರದು ತುಂಬಿದೆ. ಒಂದು ಚೂರಾದ್ರೂ ಒದೆತ ಕಮ್ಮಿಯಾಗಲಿ, ಅವಳು ಒಂದು ಸಲ ಕಣ್ಣು ಬಿಟ್ಟು ಹೊಡೆಯಲಿ ಅಂತ. ಹೊಡೆದ ಮೇಲೆ ಉಳಿಯೋ ಖಾಲಿ ಕೊಳವೆ ಎರಡರದೂ ಒಂದೇ ಥರ, ನಿಮ್ಮಪ್ಪನಿಗೂ ಗೊತ್ತಾಗಲಿಲ್ಲ. ಅವಳ ಕೈ ತಪ್ಪಿಲ್ಲ. ಗುಂಡು ಮೂಳೆ ಮೇಲೆ ಪುಡಿಯಾಗಿದೆ. ಹೀಗಿದ್ದೂ ದಿನಾ ಅವಳ ತಲೆ ಸವರಿ, ನಿನ್ನ ತಪ್ಪಲ್ಲ ಕಣೆ, ನಿನ್ನ ತಪ್ಪಲ್ಲ ಅಂತಿದ್ದೆ. ಯಾರದು ಅಂತ ಹೇಳ್ತಿರಲಿಲ್ಲ.

ಇದನ್ನ ನಿನಗೆ ಬರೆಯೋ ಮೊದಲು ಅವಳಿಗೆ ಹೇಳಬೇಕು ಅನ್ನಿಸ್ತು. ಈಗ ಬಸ್ಸು ಇಳಿದು ಒಳಗೆ ಬಂದಾಗ ಹೇಳಿದೆ, ನಿಂತ ನಿಲುವಿನಲ್ಲೇ. ಅವಳು ಬೂಟಿನ ದಾರ ಕಟ್ತಾ ಇದ್ದಳು, ತಲೆ ಎತ್ತಲಿಲ್ಲ.

"ಗೊತ್ತಮ್ಮಾ. ಕೋವಿಗೆ ತುಂಬೋವಾಗಲೇ ನೋಡ್ದೆ, ಗುಂಡಿನ ಮೂತಿ ಗಿಡ್ಡ ಇತ್ತು. ಅಜ್ಜಂಗೆ ಹೇಳಿದ್ರೆ ಎಲ್ಲರೆದುರು ನಿನ್ನ ಬೈತಿದ್ರು. ಪಕ್ಕೆಗೆ ಸರಿಯಾಗಿ ಹೊಡೆದ್ರೆ ಸಾಕಾಗುತ್ತೆ ಅಂದ್ಕೊಂಡೆ. ಜಿಂಕೆ ತಿರುಗಿಬಿಡ್ತು, ಭುಜಕ್ಕೆ ಬಿತ್ತು."

ಮತ್ಯಾಕೆ ಇಷ್ಟು ದಿನ ನನ್ನ ಹತ್ತಿರ ಬಾಯಿಬಿಡಲಿಲ್ಲ ಮಗಾ ಅಂತ ಕೇಳಿದೆ.

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

ಇವತ್ತಾದ್ರೂ ನಾನು ಬರ್ಲಾ ಅಂದೆ. ಬೇಡ ಅಂದು, ಚಾಕು, ಹಗ್ಗ ತಗೊಂಡು ಹೋದಳು.