ಪ್ರಚಂಡಸೇನನ ಕುದುರೆ

ನವೆಂಬರ್ 6, ಸಂಜೆ, ನಾರಾಯಣಪೇಟೆ

ಮತ್ತೆ ಅದೇ. ಢಗ-ಢಗ-ಢಗ... ಚಿಂವ್!

ಮಗ್ಗದ ಕೋಣೆಯಲ್ಲಿ ನಾನೊಬ್ಬಳು, ಎದುರಿಗೆ ಈ ಗಿಟಾರ್. ಎಲೈ ಆರು ತಂತಿಯ ಅಧಮನೇ! ನಾಬ್ ತಿರುಗಿಸಿದರೆ ಸಿತಾರ್ ಆಗುತ್ತೀ, ಇನ್ನೊಮ್ಮೆ ತಿರುಗಿಸಿದರೆ ಬ್ಯಾಂಜೊ ಆಗುತ್ತೀ. ಹೊಟ್ಟೆಯೊಳಗೆ ಕಂಪ್ಯೂಟರ್ ಇಟ್ಟುಕೊಂಡು ಮೆರೆಯುವ ನೀನು ಒಂದು ಕುದುರೆ ಆಗಲಾರೆಯಾ?

ಗಟ್ಟಿಯಾಗಿಯೇ ಕೂಗಿದೆ. ಒಳಗಿನಿಂದ ಅವ್ವ — "ಯಾರ್ ಜೊತಿ ಜಗಳ ನಿಂದು?"

"ಗಿಟಾರ್ ಜೊತಿ!"

"ಗೆದ್ದೋರು ಬಂದು ರೊಟ್ಟಿ ತಿನ್ರಿ."

ಅಪ್ಪನೇ ಬರೆದ ನಾಟಕ. ಮೊದಲ ದೃಶ್ಯ: ಪರದೆ ಇನ್ನೂ ಎದ್ದಿಲ್ಲ. ದೂರದಲ್ಲಿ ಕುದುರೆ. ಹತ್ತಿರ... ಇನ್ನೂ ಹತ್ತಿರ... ಪರದೆ ಏಳುತ್ತದೆ. ರಾಜ ಪ್ರಚಂಡಸೇನ, ಅಂದರೆ ನಮ್ಮಪ್ಪ ಸಾಯಣ್ಣ, ಆ ಸಪ್ಪಳದ ಮೇಲೆಯೇ ಮಾತಾಡುತ್ತಾ ಬಂದು ಕೈ ಎತ್ತುತ್ತಾನೆ. ಕುದುರೆ ಆ ಕ್ಷಣವೇ ನಿಲ್ಲಬೇಕು. ಇಷ್ಟು ವರ್ಷ ಹಾರ್ಮೋನಿಯಂ ಶರಣಯ್ಯ ಮಾಸ್ತರರು ಕುದುರೆ ಓಡಿಸಿದರು. ಈಗ ಅವರ ಎಡಭುಜ ಹಿಡಿದುಕೊಂಡಿದೆ, ತಿದಿ ಒತ್ತಲಾರರು. ಗದ್ವಾಲದ ನಾಟಕ ಸ್ಪರ್ಧೆಗೆ ಅವರ ಜಾಗದಲ್ಲಿ ನಾನು. ಬೇರೆ ಯಾರೂ ಅಲ್ಲ, ನಾನು! ಎಳೆಗೂಸಾಗಿದ್ದಾಗಲೇ ಪ್ರಚಂಡಸೇನನ ಸಿಂಹಾಸನದ ಮೇಲೆ ನಿದ್ದೆ ಮಾಡಿದವಳು.

ನವೆಂಬರ್ 9, ಮಕ್ತಲ್

ಪ್ರಾಕ್ಟೀಸ್. ಮರ್ಯಾದೆ ಮಣ್ಣಾಯಿತು.

ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅಪ್ಪನ ಶ್ರುತಿ ಕರಿ ಎರಡು. ಗಿಟಾರಿನ ದಪ್ಪ ತಂತಿ ಹುಟ್ಟಿನಿಂದಲೇ ಬಿಳಿ ಮೂರು. ಅರ್ಧ ಮನೆ ಇಳಿಸಬೇಕು. ನಾಟಕದ ಗಾಯಕಿ ರಜಿನಿಯ ಹಾಡಿಗೆ ಏರಿಸಬೇಕು. ಪ್ರತಿ ಸಲ ತಂತಿ ತಿರುವುತ್ತಾ ಕೂರುವುದು ಬೇಡ, ಶ್ರುತಿಯ ನಾಬ್ ತಿರುಗಿಸಿದರೆ ಸಾಕು ಅಂತಲೇ ಹಠ ಹಿಡಿದು ಈ ಡಿಜಿಟಲ್ ಗಿಟಾರ್ ತರಿಸಿದ್ದು. ರಜಿನಿಯ ಹಾಡು ಹಾಲಿನ ಹಾಗೆ ಹರಿಯಿತು. ಕುದುರೆ ಮಾತ್ರ...

ಕುದುರೆಗೆ ಪಾಮ್ ಮ್ಯೂಟ್ ಬೇಕು. ಬಲ ಅಂಗೈಯ ಅಂಚನ್ನು ತಂತಿಗಳ ಬುಡ ಕೂರುವ ಬ್ರಿಜ್ ಹತ್ತಿರ ತಂತಿಗಳ ಮೇಲೆ ಒರಗಿಸಿ ಮೀಟಬೇಕು. ನಾದ ಹುಟ್ಟಿದಲ್ಲೇ ಉಸಿರು ಕಟ್ಟಬೇಕು. ಢಗ-ಢಗ. ನನ್ನದು — ಢಗ-ಢಗ-ಚಿಂವ್.

ಶರಣಯ್ಯ ಮಾಸ್ತರರು ಕುರ್ಚಿಯಿಂದಲೇ — "ಯವ್ವಾ ಸ್ರವಂತಿ, ಕುದುರಿ ಮ್ಯಾಲ ಗುಬ್ಬಿ ಯಾಕ ಕುಂದ್ರಿಸೀದಿ?"

ಎಲ್ಲರೂ ನಕ್ಕರು. ಅಣ್ಣ ಭಾನುಗೆ ಅಷ್ಟೇ ಬೇಕಿತ್ತು. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವನು. "ಅಪ್ಪಾ, ನನ್ನ ಫೋನ್‌ನಾಗ ಖರೇ ಕುದುರಿ ಸಪ್ಪಳಾನೇ ಐತಿ. ಹಚ್ಲೇನು?"

ಹಚ್ಚಿದ. ಅಪ್ಪ ಬಂದ, ಗುಡುಗಿದ, ಕೈ ಎತ್ತಿದ. ಫೋನಿನ ಕುದುರೆಗೆ ರಾಜನ ಆಜ್ಞೆ ಏನು ಗೊತ್ತು? ಓಡುತ್ತಲೇ ಇತ್ತು. ಅಪ್ಪನ ಕೈ ಮೇಲೆಯೇ.

ತಬಲಾ ತಾಯಣ್ಣ — "ಬಸ್ಸಿಗೆ ಕೈ ಮಾಡಿದಂಗ ಐತಲ್ರೀ, ಮಹಾರಾಜ್ರ!"

ಅಪ್ಪ ನಗಲಿಲ್ಲ. "ಗುಬ್ಬಿಗಿಂತ ಇದು ವಾಸಿ. ಗದ್ವಾಲಕ್ಕ ಹೋಗೋತನಕಾ ಟೈಮ್ ಕೊಡ್ತೀನಿ. ಆಗಲಿಲ್ಲಂದ್ರ ಫೋನೇ ಹಚ್ಚೋದು. ನೀ ಮುಂದಿನ ಸಾಲಿನಾಗ ಕುಂತು ಚಪ್ಪಾಳಿ ಹೊಡಿ."

ಚಪ್ಪಾಳೆಯಂತೆ! ನಾನು!

ನವೆಂಬರ್ 23

ಬರೆಯಲಿಲ್ಲ. ಬಾರಿಸಿದೆ.

ಸೀರೆಯ ಅಂಚಿನ ತುಂಡನ್ನು ಮಡಚಿ ಬ್ರಿಜ್ ಬಳಿ ತಂತಿಗಳ ಅಡಿಗೆ ಸಿಕ್ಕಿಸಿದೆ. ಮಗ್ಗದವರ ಮನೆಯಲ್ಲಿ ಇನ್ನೇನು ಸಿಗುತ್ತದೆ? ಗುಬ್ಬಿ ಅರ್ಧ ಸತ್ತಿತು. ರಜಿನಿಯ ಹಾಡು ಪೂರ್ತಿ ಸತ್ತಿತು. ಅಪ್ಪ ಬಂದು ತುಂಡು ಎಳೆದುಕೊಂಡ — "ಗಿಟಾರಿಗೆ ಸೀರಿ ಉಡಸಬ್ಯಾಡ."

ಅಂಗೈ ಮುಂದೆ ಸರಿಸಿ ನೋಡಿದೆ. ಕುದುರೆ ಸತ್ತಿತು. ಹಿಂದೆ ಸರಿಸಿದೆ. ಗುಬ್ಬಿ ಎದ್ದಿತು.

ನವೆಂಬರ್ 24, ಬೆಳಿಗ್ಗೆ

ಶತ್ರುವಿನ ಕೋಟೆಗೆ ಒಂದೊಂದೇ ಬಾಗಿಲಿನಿಂದ ನುಗ್ಗಬೇಕು. ಎಲ್ಲ ನಾಬ್‌ಗಳನ್ನೂ ಒಂದೊಂದಾಗಿ ಸೊನ್ನೆಗೆ ತಂದೆ. ಸಿತಾರ್ ಬಿಡಿಸಿದೆ — ಚಿಂವ್. ಎಕೋ ತೆಗೆದೆ — ಚಿಂವ್. ಕೊನೆಗೆ ಶ್ರುತಿಯ ನಾಬ್ ಸೊನ್ನೆಗೆ ತಂದೆ.

ಢಗ-ಢಗ-ಢಗ-ಢಗ.

ಗುಬ್ಬಿ ಹಾರಿತು! ಕೂಗಿದ ರಭಸಕ್ಕೆ ಪಕ್ಕದ ಮನೆಯ ಕಿಷ್ಟಮ್ಮ ಓಡಿ ಬಂದಳು.

ಈಗ ಅರ್ಥವಾಯಿತು. ಪ್ರತಿ ತಂತಿಯ ಬುಡದಲ್ಲೂ ಒಂದು ಸೆನ್ಸರ್. ಒಳಗಿನ ಕಂಪ್ಯೂಟರ್ ಸ್ವರ ಕೇಳಿ, ಅರ್ಧ ಮನೆ ಇಳಿಸಿ, ಹೊರಗೆ ಬಿಡುತ್ತದೆ. ತೆರೆದ ನಾದ ಉದ್ದ, ಕೇಳಲು ಪುರುಸೊತ್ತು ಇರುತ್ತದೆ. ಅಂಗೈ ಅಡಿಯ ಸ್ವರ ಹುಟ್ಟುತ್ತಲೇ ಮುಗಿಯುತ್ತದೆ. ಕೇಳಿಸಿಕೊಳ್ಳುವಷ್ಟರಲ್ಲಿ ಇಲ್ಲ. ಆಗ ಊಹಿಸುತ್ತದೆ. ಆ ಊಹೆಯೇ ಗುಬ್ಬಿ.

ಅಂದರೆ ಕುದುರೆಗೆ ನಾಬ್ ಬೇಡ. ಬಿರಡೆಯ ಕಿವಿ ಹಿಂಡಿ ತಂತಿಯನ್ನೇ ಕರಿ ಎರಡಕ್ಕೆ ಇಳಿಸುತ್ತೇನೆ. ರಜಿನಿಗೆ ಅಲ್ಲಿಂದ ನಾಬ್ ಏರಿಸಿದರಾಯಿತು. ಯಾವ ಕಷ್ಟ ತಪ್ಪಿಸಲು ಇದನ್ನು ತರಿಸಿದೆನೋ ಅದೇ ಕಷ್ಟಕ್ಕೆ ಬಂದೆ. ಬರಲಿ!

ಇನ್ನೊಂದು ಉಳಿದಿದೆ. ಅಂಗೈ ಬ್ರಿಜ್ ಮೇಲೆ ಬಿದ್ದಾಗಲೆಲ್ಲ ಸೆನ್ಸರಿಗೆ ಪೆಟ್ಟು. ಥಪ್. ಸ್ಪೀಕರಿನಲ್ಲಿ ದೊಡ್ಡದಾಗಿ — ಥಪ್.

ಡಿಸೆಂಬರ್ 1, ಮಕ್ತಲ್

ಥಪ್ ಹೋಗುತ್ತಿಲ್ಲ. ಹಗುರಾಗಿ ಇಟ್ಟೆ, ಹತ್ತಿಯಷ್ಟು ಹಗುರಾಗಿ. ಥಪ್. ಹಲ್ಲು ಕಚ್ಚಿಕೊಂಡು ಹಾಗೆಯೇ ಓಡಿಸಿದೆ. ಢಗ-ಥಪ್, ಢಗ-ಥಪ್. ಅಪ್ಪ ಕೈ ಎತ್ತಿದ. ಅಂಗೈ ಒತ್ತಿದೆ. ನಿಂತಿತು!

ತಾಯಣ್ಣ ಮುಖ ಗಂಟಿಕ್ಕಿ ಕೂತಿದ್ದ. ತಬಲಾದ ಜೋಡಿ, ಎಡಗೈಯ ಡಗ್ಗಾ ಮುಟ್ಟಿಯೇ ಇರಲಿಲ್ಲ.

"ಯಾಕ ಬಾರಿಸ್ಲಿಲ್ಲ ಕಾಕಾ?"

"ಎಲ್ಲಿ ಬಾರಿಸ್ಲಿ? ಕುದುರಿ ಕಾಲು ನೆಲಕ್ಕ ಬೀಳೋದು ನನ್ನ ಡಗ್ಗಾ ಕೆಲಸ. ನಿನ್ನ ಅಂಗೈನೇ ಮಾಡಾಕತ್ತೈತಿ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡವಾ."

ಆಹಾ! ಆಹಾಹಾ! ಇಷ್ಟು ದಿನ ಓಡಿಸಲು ನೋಡಿದ ಥಪ್ — ಅದೇ ಗೊರಸು!

ಅಪ್ಪ ಹೊಗಳಲಿಲ್ಲ. "ಇರಲಿ. ಫೋನಿನ ವೈರೂ ಹತ್ರನೇ ಇರಲಿ" ಅಂದ. ಇರಲಿ. ಇಟ್ಟುಕೊಂಡೇ ನೋಡಲಿ.

ಡಿಸೆಂಬರ್ 14, ಗದ್ವಾಲ, ಸಂಜೆ

ಪರದೆಯ ಹಿಂದೆ. ಮೊಣಕಾಲ ಮೇಲೆ ಪುಸ್ತಕ. ಬರೆಯುತ್ತಿದ್ದರೆ ಹೊತ್ತು ಹೋಗುತ್ತದೆ.

ಹೊರಗೆ ಮುಖ್ಯ ಅತಿಥಿಯ ಭಾಷಣ, ತೆಲುಗಿನಲ್ಲಿ. ಮುಗಿಯುವ ಲಕ್ಷಣವಿಲ್ಲ.

ಅಪ್ಪ ಕಿರೀಟ ಕೈಯಲ್ಲಿ ಹಿಡಿದು ಬಂದ. ದನಿ ಕಟ್ಟಿದೆ. ಪ್ರಚಂಡಸೇನ ಪಿಸುಗುಟ್ಟುವುದನ್ನು ಮೊದಲ ಸಲ ಕೇಳಿದೆ. "ಇವತ್ತು ಕರಿ ಎರಡು ಆಗಂಗಿಲ್ಲವಾ. ಬಿಳಿ ಎರಡಕ್ಕ ಇಳಸು."

ಈಗ! ಇಲ್ಲಿ!

ಭಾನು — "ನಾಬ್ ತಿರುವು, ಮುಗೀತು. ಗುಬ್ಬಿ ಬಂದ್ರ ಫೋನ್ ಐತಿ."

ಅಪ್ಪ ನನ್ನನ್ನೇ ನೋಡಿದ. ನಾಬ್ ಮುಟ್ಟಲಿಲ್ಲ. ಕಾಲ ಬಳಿ ಬಿದ್ದಿದ್ದ ಫೋನಿನ ವೈರ್ ಕಿತ್ತು ಭಾನುವಿನ ಕೈಗಿಟ್ಟೆ. "ಅಪ್ಪಾ, ನೀ ಕೈ ಎತ್ತೋದು ನೋಡ್ಕೊ. ಕುದುರಿ ನಂದು."

ಕಿರೀಟ ಇಟ್ಟುಕೊಂಡು ಹೋದ.

ಭಾಷಣದ ಮಹಾಪ್ರಭುವೇ, ಇನ್ನೂ ಮಾತಾಡು! ಶರಣಯ್ಯ ಮಾಸ್ತರರು ಬಲಗೈಯಲ್ಲಿ ಹಾರ್ಮೋನಿಯಂನ ಬಿಳಿ ಎರಡು ಒತ್ತಿ ಹಿಡಿದಿದ್ದಾರೆ. ತಿದಿ ತಾಯಣ್ಣನದು. ಮೆಲ್ಲಗೆ, ಪರದೆ ದಾಟದಂತೆ. ಆರನೇ ತಂತಿ ಶ್ರುತಿಗೆ ಕೂತಿತು.

"ಚಿವರಗಾ ಒಕ ಮಾಟ..." ಕೊನೆಯದಾಗಿ ಒಂದು ಮಾತಂತೆ. ಅಯ್ಯೋ, ಮುಗಿಸಬೇಡವೋ!

ಐದು. ಕೂತಿತು.

ಚಪ್ಪಾಳೆ.

ನಾಲ್ಕು... ಇನ್ನೊಂಚೂರು... ಕೂತಿತು. ಬೆಲ್.

ಸಣ್ಣ ತಂತಿಗಳು ಮೂರೂ ಹಾಗೇ ಇವೆ. ರಜಿನಿಯ ಹಾಡಿನ ಹೊತ್ತಿಗೆ ನೋಡಿಕೊಳ್ಳುತ್ತೇನೆ. ಕುದುರೆಗೆ ದಪ್ಪ ತಂತಿ ಮೂರೇ ಸಾಕು.

ದೀಪ ಆರಿಸಿದರು. ಅಕ್ಷರ ಕಾಣುತ್ತಿಲ್ಲ. ಅಂಗೈ ಒರೆಸಿಕೊಂಡೆ. ದೂರದಲ್ಲಿ, ಗುಡ್ಡದ ಆಚೆ, ಒಂದು ಕುದು—